ಕಿವಿಗೋಲು

ರಾತ್ರಿ ಎರಡು ಗಂಟೆಗೆ ಕರಂದಕ್ಕಾಡಿನ ತಿರುವಿನಲ್ಲಿ
ರಸ್ತೆಗೆ ಕಿವಿಕೊಟ್ಟು ಬಾಗಿರುತ್ತೇನೆ.
ಒಂದು ಕಬ್ಬಿಣದ ಸರಳು, ತುದಿಗೆ ಹಿತ್ತಾಳೆಯ ಬಟ್ಟಲು.
ಆಫೀಸಿನ ರಿಜಿಸ್ಟರಿನಲ್ಲಿ ಅದಕ್ಕೊಂದು ನಂಬರು;
ನಾನು ಕರೆಯುವುದು ಕಿವಿಗೋಲು.

ಬೀಟಿನ ಪೊಲೀಸರು ಮೊದಲ ವಾರ ಜೀಪು ನಿಲ್ಲಿಸಿ
ಮಲಯಾಳದಲ್ಲಿ ಕೇಳಿದರು, ಏನು ಕಳೆದುಹೋಯಿತು?
ನೀರು, ಎಂದೆ.
ನಕ್ಕರು. ಈಗ ನನ್ನನ್ನು ಕಂಡರೆ
ಎಂಜಿನ್ ಆರಿಸುತ್ತಾರೆ, ಕೇಳಿಸಲಿ ಎಂದು.

ಸರಿಯಾಗಿ ಹರಿಯುವ ನೀರು ಮಾತಾಡುವುದಿಲ್ಲ.
ಒಡೆದಲ್ಲಷ್ಟೇ ಬಾಯಿ ಬಿಡುತ್ತದೆ:
ಸೂಜಿಗಣ್ಣಿನಷ್ಟಾದರೆ ಸಿಳ್ಳು,
ಬೆರಳು ಹೋಗುವಷ್ಟಾದರೆ ಗಂಟಲು ಕಟ್ಟಿದ ಗೊರಗೊರ.
ಹಸೈನಾರರ ಮೀನಂಗಡಿಯ ಫ್ರೀಜರು ಥೇಟ್ ಹಾಗೆಯೇ ಗೊರಗುಟ್ಟಿ
ಒಮ್ಮೆ ಒಳ್ಳೆಯ ಟಾರು ಅಗೆಸಿತು ನನ್ನ ಕೈಲಿ.
ಕೆಳಗೆ ಒಣ ಮಣ್ಣು. ಸುತ್ತ ಆರು ಜನ.
ಹಸೈನಾರರೇ ಸೋಡಾ ತರಿಸಿಕೊಟ್ಟರು.

ತ್ಯಾಂಪಜ್ಜ ಸುರಂಗ ತೋಡುತ್ತಿದ್ದವರು,
ಎಣ್ಮಕಜೆಯ ಗುಡ್ಡಗಳ ಹೊಟ್ಟೆಯೊಳಗೆ,
ಮೊಂಬತ್ತಿ ಆರದಷ್ಟು ದೂರ.
ಪಿಕ್ಕಾಸು ಬದಿಗಿಟ್ಟು ಮುರಕಲ್ಲಿಗೆ ಕೆನ್ನೆಯಿಟ್ಟರೆ
ಕಲ್ಲು ಎಂಜಲು ನುಂಗುವುದು ಕೇಳುತ್ತಿತ್ತಂತೆ.
ಅವರಿಗೆ ನೀರು ಕೇಳಿದ ದಿನ ಪಾಯಸ.
ನನಗೆ ಕೇಳಿದ ದಿನ ಒಂದು ಫಾರ್ಮು, ಮೂರು ಪ್ರತಿ.

ಆಫೀಸಿನ ಗೋಡೆಗೆ ಪೋಸ್ಟರು ಬಂದಿದೆ.
ಮೇಲೆ ಮಲಯಾಳ ದುಂಡಗೆ, ಕೆಳಗೆ ನಮ್ಮದು ಸಣ್ಣಗೆ:
"ಹಾನಿ ಹಾನಿ ಉಳಿಸಿ."
ಹನಿಗೆ ಯಾರೋ ದೀರ್ಘ ಕೊಟ್ಟಿದ್ದಾರೆ.
ತಿದ್ದಲು ಪೆನ್ನು ತೆಗೆದವನು ಹಾಗೇ ಜೇಬಿಗಿಟ್ಟೆ.

ಆ ಬೇಸಿಗೆಗಳು ನೆನಪಿವೆ.
ಹೊಳೆ ಸೊರಗಿ, ಕಡಲು ಬಾವಿಕ್ಕರೆಯ ತನಕ ಹತ್ತಿ ಬಂದು
ನಮ್ಮ ನಲ್ಲಿಗಳಲ್ಲಿ ಇಳಿಯುತ್ತಿತ್ತು.
ಬೀರಂತಬೈಲಿನ ಬಾಡಿಗೆ ಮನೆಯಲ್ಲಿ ಅಮ್ಮ
ಗಂಜಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದಳು.
ಪಂಪಿನ ಕುಂಞಂಬು ಗಡಿಯಾರದ ಬದಲು ಚಂದ್ರನನ್ನು ನೋಡುತ್ತಿದ್ದ;
ಇಳಿತಕ್ಕೆ ಸ್ವಿಚ್ಚು, ಉಬ್ಬರಕ್ಕೆ ಬೀಡಿ.
ಹಾಗೆ ಕಡಲಿನ ಕಣ್ಣು ತಪ್ಪಿಸಿ ತಂದ ಸಿಹಿನೀರಿನಲ್ಲಿ
ಮೂರರಲ್ಲೊಂದು ಪಾಲು ಮನೆ ಮುಟ್ಟದೆ ಮಣ್ಣಿಗೆ.
ಹೊಳೆಯಲ್ಲಿ ಹುಣಸೆಹಣ್ಣು ತೊಳೆದರಂತೆ ಹಿಂದಿನವರು;
ನಾವು ಹೊಳೆಯನ್ನೇ ತೊಳೆದುಬಿಟ್ಟೆವು.

ಇದು ಹೋದ ವರ್ಷದ ಮಾತು. ನೆಲ್ಲಿಕುಂಜೆಯ ಕಿರುದಾರಿ.
ಕೋಲಿಗೆ ಸಿಕ್ಕಿತು ಎಷ್ಟೋ ವರ್ಷ ಹಳೆಯ ಗೊರಗೊರ,
ಪಳಗಿದ ದನಿ, ಮನೆಯವರ ಗೊರಕೆಯ ಹಾಗೆ.
ಅಗೆದೆವು. ಬಿಗಿದೆವು. ಫಾರ್ಮು ತುಂಬಿದೆ:
ಉಳಿದದ್ದು ಗಂಟೆಗೆ ನಾನೂರು ಲೀಟರು.
ಎಂಜಿನಿಯರು ಬೆನ್ನು ತಟ್ಟಿದರು.

ತಿಂಗಳ ಮೇಲೆ ನಬೀಸುಮ್ಮ ಆಫೀಸಿಗೆ ಬಂದರು,
ಕೈಯಲ್ಲೊಂದು ಬಾಟಲಿ.
ಆ ಓಣಿಗೆಲ್ಲ ಅವರದೊಂದೇ ಸಿಹಿ ಬಾವಿ,
ಏಪ್ರಿಲ್ ಮೇಯಲ್ಲೂ.
ಔಲಿಯಾರ ಬರ್ಕತ್ತು ಎಂದು
ನೋಂಬಿನ ಸಂಜೆ ಕೊಡಪಾನಗಳ ಸಾಲು.
ಈಗ ಉಪ್ಪು. ಕುಡಿದು ನೋಡು, ಎಂದರು.
ಕುಡಿದೆ.
ಅಮ್ಮನ ಗಂಜಿ.

ಸಂಪರ್ಕಕ್ಕೆ ಅರ್ಜಿ ಹಾಕೋಣ, ನಾನೇ ಬರೆಯುತ್ತೇನೆ, ಎಂದೆ.
ಹೆಸರು, ಬಾಗಿಲ ನಂಬರು, ರೇಷನ್ ಕಾರ್ಡು.
ಏಳನೆಯ ಕಾಲಮಿನಲ್ಲಿ ಪೆನ್ನು ನಿಂತಿತು:
ಇದುವರೆಗೆ ಬಳಸುತ್ತಿದ್ದ ನೀರಿನ ಮೂಲ.
ಬಾವಿ ಎಂದರೆ ಸುಳ್ಳು. ಸುಳ್ಳಲ್ಲದ್ದು ಬರೆದರೆ
ಹಿಂದಿನ ಬಾಕಿ ಕೇಳುವವರೂ ಇದ್ದಾರೆ ಒಳಗೆ.

ನಬೀಸುಮ್ಮ ಕನ್ನಡಕ ಏರಿಸಿ ಕಾಗದ ನೋಡಿದರು,
ನನ್ನ ಮುಖ ನೋಡಿದರು.
ಬರಿ ಮಗಾ, ಎಂದರು,
ನಿಮ್ಮದೇ ಅಂತ.